ಹೊನ್ನಿನಲ್ಲಿ ತಬ್ಬಲಿಯ ಪಾಲು

ಕೃಷ್ಣೆ ತುಂಗಭದ್ರೆಗಳ ನಡುವಣ ಸೀಮೆಯಲ್ಲಿ ಹುಟ್ಟಿ ಬೆಳೆದವರ ಕಿವಿಗೆ ಎರಡು ಮಾತುಗಳು ಚಿಕ್ಕಂದಿನಿಂದಲೇ ಬಿದ್ದಿರುತ್ತವೆ. ತಮ್ಮ ನೆಲದ ಕೆಳಗೆ ಹೊನ್ನಿದೆ ಎಂಬುದು ಒಂದು. ಮಳೆ ಕೈಕೊಟ್ಟ ವರ್ಷ ಗುಳೆ ಹೋಗಬೇಕು ಎಂಬುದು ಇನ್ನೊಂದು. ಹೊನ್ನಿನ ಮೇಲೆ ಮನೆ ಕಟ್ಟಿಕೊಂಡವರು ಹೊಟ್ಟೆಯ ಸಲುವಾಗಿ ಪರಸ್ಥಳಕ್ಕೆ ಹೋಗುವ ಈ ವಿಪರೀತವನ್ನು ಕಂಡು ಯಾರೂ ಬೆರಗಾಗುವುದಿಲ್ಲ. ಬಹುಕಾಲದಿಂದ ನಡೆದು ಬಂದದ್ದು ಹಾಗೆಯೇ ರೂಢಿಯಾಗಿಬಿಡುತ್ತದೆ.

ಸಿಂಧನೂರಿನ ವೃದ್ಧ ಮಾಸ್ತರರೊಬ್ಬರಿಗೂ ಅದು ರೂಢಿಯ ಮಾತೇ ಆಗಿದ್ದಿತು. ಮೂವತ್ತು ವರ್ಷಗಳಿಗೂ ಮೀರಿ ಮಕ್ಕಳಿಗೆ ಪಾಠ ಹೇಳಿ ವಿಶ್ರಾಂತಿ ಪಡೆದಿದ್ದ ಅವರು ಒಂದು ದಿನ ಹತ್ತು ವರ್ಷದ ಹುಡುಗನೊಬ್ಬನನ್ನು ಕರೆದುಕೊಂಡು ಲಿಂಗಸುಗೂರಿನ ಕಡೆಗೆ ಬಸ್ಸು ಹತ್ತಿದರು. ಗುಳೆ ಹೋದಲ್ಲಿ ನಡೆದ ಅಪಘಾತವೊಂದರಲ್ಲಿ ಆ ಹುಡುಗನು ತಂದೆತಾಯಿಗಳಿಬ್ಬರನ್ನೂ ಒಂದೇ ದಿನ ಕಳೆದುಕೊಂಡಿದ್ದನು. ಉಳಿದವಳು ಮುದುಕಿ ಅಜ್ಜಿಯೊಬ್ಬಳೇ. ಅವಳ ಕಣ್ಣು ಮಂದವಾಗಿತ್ತು, ಕೈ ನಡುಗುತ್ತಿತ್ತು. ಹುಡುಗನನ್ನು ದೂರದ ಜಿಲ್ಲೆಯೊಂದರ ಅನಾಥಾಲಯಕ್ಕೆ ಸೇರಿಸುವುದೇ ಯುಕ್ತವೆಂದು ಮಾಸ್ತರರು ನಿಶ್ಚಯಿಸಿ, ಮಕ್ಕಳ ಕಲ್ಯಾಣ ಸಮಿತಿಗೆ ಕೊಡಬೇಕಾದ ಅರ್ಜಿಯನ್ನು ತಾವೇ ಬರೆದು ಚೀಲದಲ್ಲಿ ಇಟ್ಟುಕೊಂಡಿದ್ದರು. ಆ ಅರ್ಜಿಯನ್ನು ರಾಯಚೂರಿಗೆ ಒಯ್ಯುವ ಮೊದಲು, ಹಟ್ಟಿಯ ಗಣಿಯಲ್ಲಿ ದುಡಿಯುತ್ತಿದ್ದ ಸೋದರಮಾವನಿಗೆ ಹುಡುಗನನ್ನು ಒಮ್ಮೆ ತೋರಿಸಿ ಬರಬೇಕೆಂದು ಅಜ್ಜಿ ಬೇಡಿಕೊಂಡಿದ್ದಳು. ಪ್ರಯಾಣದ ಕಾರಣ ಇಷ್ಟೆ.

ಮಾಸ್ತರರ ನಿಶ್ಚಯಕ್ಕೆ ಆಧಾರವಿಲ್ಲದೆ ಇರಲಿಲ್ಲ. ಅವರೂ ಎಳೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡವರು. ಮಠವೊಂದರ ಉಚಿತ ಪ್ರಸಾದನಿಲಯದಲ್ಲಿ ಉಂಡು ಓದಿದವರು. ದಾಸೋಹದ ಆ ಅನ್ನವಿಲ್ಲದಿದ್ದರೆ ತಮ್ಮ ಕೈಗೆ ಸೀಮೆಸುಣ್ಣ ಬರುತ್ತಿರಲಿಲ್ಲ, ಕುಡುಗೋಲು ಬರುತ್ತಿತ್ತು ಎಂದು ಅವರು ಎಷ್ಟೋ ಸಲ ಹೇಳುತ್ತಿದ್ದರು. ಕನ್ನಡ ನಾಡಿನಲ್ಲಿ ಈ ಧರ್ಮ ಹೊಸದೇನೂ ಅಲ್ಲ. ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನವು ಆ ಮಠವನ್ನು ವಿದ್ಯೆಯ ನೆಲೆಯೆಂದು ಹೊಗಳುವುದರ ಜೊತೆಗೆ, ದೀನರಿಗೂ ಅನಾಥರಿಗೂ ಕುರುಡರಿಗೂ ಕುಂಟರಿಗೂ ಅನ್ನ ದೊರೆಯುವ ಸ್ಥಾನವೆಂದು ವರ್ಣಿಸುತ್ತದೆ. ಹೀಗಿರುವಾಗ, ತಮಗೆ ಒದಗಿದ ಉಪಕಾರವನ್ನು ಇನ್ನೊಬ್ಬ ತಬ್ಬಲಿಗೆ ಒದಗಿಸಿಕೊಡುವುದರಲ್ಲಿ ತಪ್ಪೇನು ಎಂದು ಅವರ ಭಾವನೆ.

ಬಸ್ಸು ಸಿಂಧನೂರನ್ನು ಬಿಟ್ಟು ಭತ್ತದ ಗದ್ದೆಗಳ ನಡುವೆ ಓಡಿತು. ಈ ಹಸಿರೂ ಬಹಳ ಹಳೆಯದಲ್ಲ. ತುಂಗಭದ್ರೆಗೆ ಕಟ್ಟಿದ ಅಣೆಕಟ್ಟಿನಿಂದ 1953ರ ತರುವಾಯ ಎಡದಂಡೆಯ ಕಾಲುವೆಯಲ್ಲಿ ನೀರು ಹರಿದು ಬಂದ ಮೇಲೆ, ಜೋಳವನ್ನೂ ಹತ್ತಿಯನ್ನೂ ನಂಬಿ ಮುಗಿಲು ನೋಡುತ್ತಿದ್ದ ಕರಿಯ ಭೂಮಿ ಭತ್ತದ ಭೂಮಿಯಾಯಿತು. ಪೂರ್ವ ಬಂಗಾಳದಿಂದ ಮನೆಮಠ ಕಳೆದುಕೊಂಡು ಬಂದ ನೂರಾರು ಕುಟುಂಬಗಳಿಗೆ 1970ರ ದಶಕದಲ್ಲಿ ಸರಕಾರವು ಈ ತಾಲೂಕಿನಲ್ಲಿಯೇ ನೆಲೆ ಕಲ್ಪಿಸಿತು. ಅವರ ಕ್ಯಾಂಪುಗಳು ಇಂದಿಗೂ ಇವೆ. ಅಲ್ಲಿಯ ಮಕ್ಕಳು ಮನೆಯಲ್ಲಿ ಬಂಗಾಳಿಯನ್ನೂ ಪೇಟೆಯಲ್ಲಿ ಕನ್ನಡವನ್ನೂ ಆಡುತ್ತಾರೆ. ಮಾಸ್ತರರ ಬಳಿ ಕಲಿತವರಲ್ಲಿ ಅಂಥವರೂ ಇದ್ದರು. ನೆಲೆ ತಪ್ಪಿದವರಿಗೆ ಗಂಜಿಯನ್ನಷ್ಟೇ ಕೊಟ್ಟಿದ್ದರೆ ಅವರು ಗಂಜಿಯವರಾಗಿಯೇ ಉಳಿಯುತ್ತಿದ್ದರು. ಹೊಲವೂ ನೀರೂ ದೊರೆತುದರಿಂದ ಊರಿನವರಾದರು. ಇದನ್ನು ದಿನವೂ ಕಣ್ಣೆದುರಿಗೆ ಕಾಣುತ್ತಿದ್ದರೂ ಮಾಸ್ತರರು ಅದರ ಅರ್ಥವನ್ನು ಅಂದಿನವರೆಗೆ ವಿಚಾರಿಸಿರಲಿಲ್ಲ.

ಮಸ್ಕಿಯಲ್ಲಿ ಇಳಿದು ಅವರು ಹುಡುಗನಿಗೆ ಅಶೋಕನ ಶಾಸನವನ್ನು ತೋರಿಸಿದರು. ಪಾಠ ಹೇಳುವವರಿಗೆ ಆ ಬಂಡೆಯನ್ನು ದಾಟಿ ಸುಮ್ಮನೆ ಹೋಗುವುದು ಆಗದ ಮಾತು. ನಾಡಿನ ಅನೇಕ ಶಾಸನಗಳಲ್ಲಿ ದೇವಾನಾಂಪ್ರಿಯನೆಂದೂ ಪ್ರಿಯದರ್ಶಿಯೆಂದೂ ಕರೆದುಕೊಂಡಿದ್ದ ಅರಸನು ಅಶೋಕನೇ ಎಂಬುದು ಮೊದಲು ನಿಶ್ಚಯವಾದದ್ದು ಈ ಮಸ್ಕಿಯ ಬಂಡೆಯಿಂದ. ಅದನ್ನು 1915ರಲ್ಲಿ ಕಂಡು ಹಿಡಿದವನು ಬೀಡನ್ ಎಂಬ ಎಂಜಿನಿಯರನು. ಪಂಡಿತನಾಗಿ ಅಲ್ಲ, ನಿಜಾಮರ ಸೀಮೆಯಲ್ಲಿ ಹೊನ್ನನ್ನು ಹುಡುಕುವವನಾಗಿ ಅವನು ಆ ಗುಡ್ಡಗಳಲ್ಲಿ ಅಲೆಯುತ್ತಿದ್ದನು. ಹೊನ್ನನ್ನು ಅರಸಿ ಹೊರಟವನಿಗೆ ಧರ್ಮದ ಮಾತು ದೊರೆಯಿತು. ಅದೇ ವರ್ಷ ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಹೈದರಾಬಾದಿನ ಪ್ರಾಚ್ಯ ಇಲಾಖೆಯ ಮಾಲೆಯಲ್ಲಿ ಪ್ರಕಟಿಸಿದರು.

ಶಾಸನದಲ್ಲಿ ಏನು ಬರೆದಿದೆ ಎಂದು ಹುಡುಗನು ಕೇಳಿದನು. ಧರ್ಮದಲ್ಲಿ ನಿರತನಾದರೆ ಸಣ್ಣವನೂ ಉನ್ನತವಾದ ಪದವಿಯನ್ನು ಹೊಂದಬಲ್ಲನು. ಅದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬಾರದು. ಸಣ್ಣವರಿಗೂ ದೊಡ್ಡವರಿಗೂ ಇದನ್ನು ತಿಳಿಯಹೇಳಬೇಕು ಎಂಬುದು ಅದರ ತಾತ್ಪರ್ಯವೆಂದು ಮಾಸ್ತರರು ವಿವರಿಸಿದರು.

"ಸಣ್ಣವರು ಅಂದ್ರ ಹುಡುಗ್ರಾ, ಅಜ್ಜಾರ?"

"ಅಲ್ಲಪಾ, ಬಡವರು, ಕುಲ ಅಧಿಕಾರ ಇಲ್ಲದವರು. ಹುಡುಗ್ರೂ ಅದರೊಳಗ ಬಂದ್ರು ಅಂತ ಇಟ್ಕೋ."

ಹುಡುಗನು ಬಂಡೆಯನ್ನು ಬಹಳ ಹೊತ್ತು ನೋಡಿದನು. ಮಸ್ಕಿಯ ಸುತ್ತಣ ಕಲ್ಲಿನಲ್ಲಿಯೂ ಹಿಂದಿನವರು ಹೊನ್ನಿಗಾಗಿ ತೋಡಿದ ಗುರುತುಗಳಿವೆ. ಭೂಗರ್ಭಶಾಸ್ತ್ರಜ್ಞನಾದ ರಾಬರ್ಟ್ ಬ್ರೂಸ್ ಫೂಟನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಈ ಶಿಲೆಗಳ ಪಟ್ಟೆಗಳನ್ನು ಗುರುತಿಸಿ, ಇಲ್ಲಿಯ ಪುರಾತನ ಜನವಸತಿಯ ಅವಶೇಷಗಳನ್ನು ಸಂಗ್ರಹಿಸಿದ್ದನು. 1954ರಲ್ಲಿ ಪ್ರಾಚ್ಯ ಇಲಾಖೆಯವರು ಇಲ್ಲಿ ಅಗೆದು ನೋಡಿದರು. ಅರಸನ ಮಾತು ಕಲ್ಲಿನ ಮೇಲೆ ನಿಂತಿತು, ಮಣ್ಣಿನ ಮಡಕೆಗಳು ಚೂರುಚೂರಾಗಿಯಾದರೂ ದೊರೆತವು. ಕಲ್ಲೊಡೆದವರ ಹೆಸರು ಮಾತ್ರ ಒಂದೂ ಉಳಿಯಲಿಲ್ಲ.

ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ ಸಂಜೆಗೆ ಹಟ್ಟಿಯನ್ನು ಮುಟ್ಟಿದರು. ಶಾಫ್ಟಿನ ಮೇಲೆ ನಿಂತ ಕಬ್ಬಿಣದ ಗೋಪುರ, ಅದರ ತುದಿಯಲ್ಲಿ ತಿರುಗುವ ಗಾಲಿ, ಅರೆದ ಕಲ್ಲಿನ ಬೂದುಬಣ್ಣದ ದಿಬ್ಬಗಳು, ಪಾಳಿ ಬಿಟ್ಟು ಬರುವ ಜನ, ಅಂಗಡಿಸಾಲು, ಶಾಲೆಯ ಹುಡುಗರು: ಬಯಲು ಸೀಮೆಯ ನಡುವೆ ಒಂದು ಬೇರೆಯ ಲೋಕವೇ ಅಲ್ಲಿ ನೆಲೆಸಿದಂತೆ ಕಾಣುವುದು. ಮಾವನ ಪಾಳಿ ಮುಗಿಯಲು ಇನ್ನೂ ಹೊತ್ತಿದ್ದುದರಿಂದ ಇಬ್ಬರೂ ಬೇವಿನ ಮರದ ಕೆಳಗೆ ಕುಳಿತರು. ಹುಡುಗನ ಬೇಸರ ಕಳೆಯಲೆಂದು ಮಾಸ್ತರರು ಗಣಿಯ ಚರಿತ್ರೆಯನ್ನು ಹೇಳತೊಡಗಿದರು.

ಈ ಊರು ಎರಡು ಸಲ ಸತ್ತು ಎರಡು ಸಲ ಹುಟ್ಟಿದುದು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ, ಸಿಡಿಮದ್ದು ಯಂತ್ರ ಯಾವುದೂ ಇಲ್ಲದ ಕಾಲದಲ್ಲಿ, ಇಲ್ಲಿಯ ಜನ ಬಂಡೆಗೆ ಬೆಂಕಿ ಹಚ್ಚಿ, ಕಾದ ಬಂಡೆಯ ಮೇಲೆ ನೀರು ಸುರಿದು, ಬಿರಿದ ಕಲ್ಲನ್ನು ಕಿತ್ತು ಕಿತ್ತು 600 ಅಡಿಗೂ ಹೆಚ್ಚು ಆಳಕ್ಕೆ ಇಳಿದಿದ್ದರು. ಅವರು ಆಸರೆಗೆ ನಿಲ್ಲಿಸಿದ ಮರದ ತುಂಡುಗಳಿಂದಲೇ ಈಚಿನವರು ಆ ಕಾಲವನ್ನು ಎಣಿಸಿದರು. ಆಮೇಲೆ ಆ ಸುರಂಗಗಳು ಪಾಳುಬಿದ್ದವು. ಮೇಲೆ ದನ ಮೇದವು. ನಿಜಾಮರ ಆಳ್ವಿಕೆಯಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಆಂಗ್ಲರ ಬಂಡವಾಳದಿಂದ ಗಣಿ ಎರಡನೆಯ ಸಲ ತೆರೆಯಿತು. 1920ರ ಸುಮಾರಿಗೆ ಅದೂ ನಿಂತಿತು. ಮತ್ತೆ 1937ರ ತರುವಾಯ ಪರಿಶೋಧನೆ ನಡೆದು, 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪೆನಿ ಸ್ಥಾಪಿತವಾಯಿತು. ರಾಯಚೂರು ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದ ಮೇಲೆ ಅದು ಹಟ್ಟಿ ಚಿನ್ನದ ಗಣಿ ಕಂಪೆನಿ ಎಂದು ಹೆಸರು ಪಡೆಯಿತು. ಒಂದು ಟನ್ ಕಲ್ಲನ್ನು ಮೇಲೆ ತಂದು ಹಿಟ್ಟು ಮಾಡಿದರೆ ದೊರೆಯುವ ಹೊನ್ನು ಕೆಲವೇ ಗ್ರಾಂ.

ಹುಡುಗನು ಟನ್ನು ಗ್ರಾಮುಗಳನ್ನು ಲಕ್ಷ್ಯಕ್ಕೆ ತಂದುಕೊಂಡಂತೆ ಕಾಣಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು ಕೇಳಿದನು: "ಗಣಿ ಮುಚ್ಚಿದ ಮ್ಯಾಲೆ ಇಲ್ಲಿದ್ದ ಹುಡುಗ್ರು ಎಲ್ಲಿಗೆ ಹೋದ್ರು, ಅಜ್ಜಾರ?"

ಮಾಸ್ತರರು ಉತ್ತರವನ್ನು ಹುಡುಕಿದರು. ಎಷ್ಟು ಆಳ ತೋಡಿದರು, ಯಾವ ವರ್ಷ ನಿಲ್ಲಿಸಿದರು, ಎಷ್ಟು ಹೊನ್ನು ದೊರೆಯಿತು ಎಂಬುದನ್ನೆಲ್ಲ ಅವರು ಓದಿದ್ದರು. ಕೆಲಸ ನಿಂತ ಮರುದಿನ ಒಲೆ ಹೊತ್ತದ ಮನೆಗಳ ವಿಷಯವಾಗಿ ಒಂದು ಸಾಲನ್ನೂ ಓದಿರಲಿಲ್ಲ. ದುಡಿಯುವಾಗ ಸತ್ತ ಕೂಲಿಗಾರನ ಹೆಂಡತಿ ಮಕ್ಕಳಿಗೆ ಪರಿಹಾರ ಸಲ್ಲಬೇಕೆಂಬ ಕಾಯಿದೆ ಬ್ರಿಟಿಷ್ ಇಂಡಿಯಾದಲ್ಲಿ ಹುಟ್ಟಿದುದೇ 1923ರಲ್ಲಿ. ಅಷ್ಟರೊಳಗೆ ಹಟ್ಟಿಯ ಗಣಿ ಮುಚ್ಚಿಹೋಗಿತ್ತು. ನಿಜಾಮರ ಸೀಮೆಯು ಬ್ರಿಟಿಷ್ ಇಂಡಿಯಾವೂ ಆಗಿರಲಿಲ್ಲ. ಗಣಿಯಲ್ಲಿ ತಂದೆಯನ್ನು ಕಳೆದುಕೊಂಡ ಅಂದಿನ ಮಗುವಿಗೆ ಕಾಗದದ ಮೇಲೆ ಯಾವ ಪಾಲೂ ಇರಲಿಲ್ಲವೆಂದಾಯಿತು. "ತಾಯಿ ತಂದಿ ಎತ್ತ ಹೋದ್ರೋ ಅತ್ತ ಹೋಗಿರಬೇಕಪಾ" ಎಂದು ಅವರು ಹೇಳಿದರು. ಹೇಳಿದ ಮೇಲೆ, ಯಾರ ಮುಂದೆ ಆ ಮಾತನ್ನು ಆಡಿದೆವೆಂದು ನೆನಪಾಗಿ ಅವರ ಮುಖ ಬಾಡಿತು.

ಪಾಳಿ ಬಿಟ್ಟಿತು. ಮಾವ ಬಂದವನು ಹುಡುಗನ ತಲೆಯ ಮೇಲೆ ಕೈಯಿಟ್ಟು, ಬಾಯಿಗೆ ಮಾತು ಬಾರದೆ, ಅವನ ಚೀಲವನ್ನು ತೆಗೆದುಕೊಂಡು ಮುಂದೆ ನಡೆದನು. ಎರಡು ಕೋಣೆಯ ಮನೆ. ಅವನ ಮಕ್ಕಳು ಇಬ್ಬರು. ಅತ್ತೆ ಜೋಳದ ರೊಟ್ಟಿ ಪುಂಡಿಪಲ್ಯ ಬಡಿಸಿದಳು. ಊಟವಾದ ಮೇಲೆ ಮಾಸ್ತರರು ಅರ್ಜಿಯ ವಿಷಯ ತೆಗೆದು, ಅನಾಥಾಲಯದಲ್ಲಿ ಊಟ ವಸತಿ ವಿದ್ಯೆಗಳಿಗೆ ಕೊರತೆಯಿಲ್ಲವೆಂದು ಹೇಳಿದರು. ಮಾವ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದನು.

"ಗಣಿ ನಡೀಲಿಕ್ಕತ್ತದ, ಮಾಸ್ತರ್ರ. ಪಗಾರ ಬರತದ. ಇನ್ನೊಂದು ತಾಟು ಇಟ್ಟರ ನಮಗೇನು ಭಾರ ಆಗತದ? ಮುದುಕೀನ್ನೂ ಇಲ್ಲೇ ಕರಕೊಂಡು ಬರತೀನಿ. ಗಣಿ ಇಲ್ಲದಿದ್ರ ನಾನೂ ಗುಳೆ ಹೋಗತಿದ್ದೆ. ಆವಾಗ ನೀವು ಹೇಳಿದ್ದಕ್ಕ ಹೂಂ ಅಂತಿದ್ದೆ."

ಆ ರಾತ್ರಿ ಮಾಸ್ತರರಿಗೆ ನಿದ್ರೆ ಬರಲಿಲ್ಲ. ಅನಾಥನೆಂದರೆ ತಂದೆತಾಯಿಗಳಿಲ್ಲದವನು ಎಂದು ಅವರು ತಿಳಿದಿದ್ದರು. ನಾಥರಿಲ್ಲದವನು ಎಂಬುದಲ್ಲವೆ ಆ ಪದದ ಅರ್ಥ? ಅಜ್ಜಿಯೂ ಮಾವನೂ ಇರುವ ಹುಡುಗನು ಅನಾಥನಾಗುವುದು ಅವರಿಗೆ ಪ್ರೀತಿ ಇಲ್ಲದುದರಿಂದಲ್ಲ, ಅನ್ನವಿಲ್ಲದುದರಿಂದ. 2015ರ ಬಾಲನ್ಯಾಯ ಕಾಯಿದೆಯೂ ಮಗುವನ್ನು ಸಂಸ್ಥೆಗೆ ಸೇರಿಸುವುದು ಕಡೆಯ ಉಪಾಯವೆಂದೇ ಹೇಳುತ್ತದೆ. ಬಂಧುಗಳ ಮನೆಯಲ್ಲಿಯೇ ಬೆಳೆಯುವ ಬಡ ಅನಾಥ ಮಗುವಿಗೆ ತಿಂಗಳಿಗೆ 4,000 ರೂಪಾಯಿಗಳ ನೆರವನ್ನು 2022ರ ಮಿಷನ್ ವಾತ್ಸಲ್ಯದ ನಿಯಮಗಳಲ್ಲಿ ಗೊತ್ತುಪಡಿಸಲಾಯಿತು. ತಮ್ಮನ್ನು ಸಲಹಿದ ಮಠದ ಉಪಕಾರವು ಇದರಿಂದ ಕಡಿಮೆಯಾಗುವುದಿಲ್ಲ. ಯಾರೂ ಇಲ್ಲದವನಿಗೆ ಮಠವೇ ಮನೆಯಾಗಬೇಕು. ಇರುವವರನ್ನು ಉಳಿಸಿಕೊಡುವುದಾದರೋ ಊರಿನ ಕೆಲಸ. ಮಠದ ಜಗುಲಿಯ ಮೇಲೆ ಮಲಗಿ ತಾಯಿಯನ್ನು ನೆನೆದು ಅತ್ತ ರಾತ್ರಿಗಳನ್ನು ಅವರು ಯಾರಿಗೂ ಹೇಳಿರಲಿಲ್ಲ. ಆ ತಾಯಿ ಬದುಕಿಯೇ ಇದ್ದಳು; ಕೂಲಿಯಿಲ್ಲದೆ ಗುಳೆ ಹೋಗಿದ್ದಳು.

ಊರು ಸತ್ತರೆ ಏನಾಗುವುದೆಂಬುದನ್ನು ಮಾಸ್ತರರು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಒಮ್ಮೆ ಕಂಡಿದ್ದರು. 1880ರಿಂದ 120 ವರ್ಷಗಳ ಕಾಲ ಅಲ್ಲಿಯ ನೆಲ 800 ಟನ್‌ಗೂ ಹೆಚ್ಚು ಹೊನ್ನನ್ನು ಕೊಟ್ಟಿತು. ಗಣಿಯ ಯಂತ್ರಗಳಿಗಾಗಿ 1902ರಲ್ಲಿಯೇ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. ಮೂರು ಕಿಲೋಮೀಟರಿಗೂ ಮೀರಿ ಕೆಳಗಿಳಿದ ಗಣಿ ಅದು. ಕಲ್ಲಿನ ಧೂಳು ಎದೆಗೆ ಕೂತು ಗಣಿಗಾರರು ಸವೆಯುವ ರೋಗವನ್ನು 1940ರ ದಶಕದಲ್ಲಿ ಅಲ್ಲಿಯೇ ವೈದ್ಯರು ಸಾವಿರಾರು ಕೂಲಿಗಾರರನ್ನು ಪರೀಕ್ಷಿಸಿ ಬೆಳಕಿಗೆ ತಂದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಹೊನ್ನು ಹೋದ ದಾರಿ ಯಾರಿಗೂ ಕಾಣದು. ಉಳಿದ ಸೈನೈಡ್ ಗುಡ್ಡಗಳು ಮಾತ್ರ ಎಲ್ಲರಿಗೂ ಕಾಣುತ್ತವೆ. ನಸುಕಿನ ರೈಲಿನಲ್ಲಿ ಸಾವಿರಾರು ಜನ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಹಿಂದಿರುಗುತ್ತಾರೆ. ಮಕ್ಕಳು ಎಚ್ಚರವಾಗಿರುವ ಹೊತ್ತಿಗೆ ತಂದೆ ಮನೆಯಲ್ಲಿಲ್ಲ. ತಂದೆ ಮನೆಗೆ ಬಂದ ಹೊತ್ತಿಗೆ ಮಕ್ಕಳಿಗೆ ಎಚ್ಚರವಿಲ್ಲ. ಗುಡ್ಡಗಳಲ್ಲಿ ಉಳಿದಿರುವ ಹೊನ್ನನ್ನು ತೆಗೆದು ಊರಿಗೆ ಜೀವ ಕೊಡಬೇಕೆಂಬ ಮಾತು ಅಲ್ಲಿ ಅನೇಕ ವರ್ಷಗಳಿಂದ ನಡೆದಿದೆ. ಆದರೆ ಹೊನ್ನು ಮೇಲೆ ಬಂದ ಮಾತ್ರಕ್ಕೆ ಊರು ಏಳುವುದಿಲ್ಲ. ಹೊನ್ನಿನಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಮೊದಲೇ ಬರೆದಿಡದಿದ್ದರೆ, ಎರಡನೆಯ ಸಲ ಎದ್ದ ಊರು ಎರಡನೆಯ ಸಲವೂ ಹಾಗೆಯೇ ಮಲಗುವುದು.

ಹಾಗೆ ಬರೆದಿಡುವ ದಾರಿ ಈಗ ಇಲ್ಲದಿಲ್ಲ. 2015ರಲ್ಲಿ ಗಣಿ ಕಾಯಿದೆಯನ್ನು ತಿದ್ದಿದಾಗ ಪ್ರತಿ ಗಣಿಜಿಲ್ಲೆಯಲ್ಲಿಯೂ ಜಿಲ್ಲಾ ಖನಿಜ ಪ್ರತಿಷ್ಠಾನವೊಂದು ಇರಬೇಕೆಂದು ವಿಧಿಸಿದರು. ಹಳೆಯ ಗುತ್ತಿಗೆಯ ಗಣಿಗಳು ರಾಜಧನದ ಮೇಲೆ ಶೇಕಡ 30ರಷ್ಟನ್ನೂ, ಹರಾಜಿನಲ್ಲಿ ಪಡೆದ ಹೊಸ ಗಣಿಗಳು ಶೇಕಡ 10ರಷ್ಟನ್ನೂ ಅದಕ್ಕೆ ಕೊಡಬೇಕು. ಗಣಿಯಿಂದ ಬಾಧಿತವಾದ ಊರುಗಳ ನೀರು, ಆರೋಗ್ಯ, ವಿದ್ಯೆ, ಹೆಂಗಸರು ಮಕ್ಕಳ ಕ್ಷೇಮ, ಇವುಗಳಿಗೆ ಆ ದ್ರವ್ಯದ ದೊಡ್ಡ ಪಾಲು ಮೊದಲು ಸಲ್ಲಬೇಕು. ಒಂದಂಶವನ್ನು ದತ್ತಿನಿಧಿಯಾಗಿ ಉಳಿಸಿಡುವುದಕ್ಕೂ ನಿಯಮದಲ್ಲಿ ಅವಕಾಶವಿದೆ. ದತ್ತಿ ಎಂಬುದು ನಮ್ಮ ಶಾಸನಗಳ ಮಾತು. ಹಿಂದಿನವರು ಕೆರೆಯ ಕೆಳಗಿನ ಗದ್ದೆಯನ್ನು ದತ್ತಿ ಬಿಟ್ಟರು. ಏಕೆಂದರೆ ಗದ್ದೆ ವರ್ಷವರ್ಷವೂ ಬೆಳೆಯುತ್ತದೆ, ಬಿಟ್ಟವನು ಸತ್ತ ಮೇಲೂ ಅನ್ನ ನಿಲ್ಲುವುದಿಲ್ಲ. ಹೊನ್ನು ಹಾಗಲ್ಲ. ಒಮ್ಮೆ ತೆಗೆದರೆ ಮತ್ತೆ ಬೆಳೆಯದು. ಬೆಳೆಯದ ಹೊನ್ನನ್ನು ಬೆಳೆಯುವ ನಿಧಿಯಾಗಿ ಮಾಡಿದರೆ ಮಾತ್ರ ಗಣಿ ಮುಚ್ಚಿದ ಮೇಲೂ ಮಗುವಿನ ತಾಟಿನಲ್ಲಿ ರೊಟ್ಟಿ ಇರುವುದು.

ಬೆಳಗಾಯಿತು. ಮಾವನ ಮಕ್ಕಳ ಜೊತೆಗೆ ಹುಡುಗನು ಹೊರಗೆ ಗೋಲಿ ಆಡುತ್ತಿದ್ದನು. ಮಾಸ್ತರರು ಅರ್ಜಿಯನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಶಾಲೆಗೆ ಸೇರಿಸಲು ಬೇಕಾದ ವರ್ಗಾವಣೆ ಪತ್ರವನ್ನು ಹದಿನೈದು ದಿನಗಳೊಳಗೆ ಕಳುಹಿಸುವೆನೆಂದು ಮಾವನಿಗೆ ಹೇಳಿ, ಅಜ್ಜಿಯನ್ನು ಕರೆತರುವ ದಿನವನ್ನು ಗೊತ್ತುಮಾಡಿಕೊಂಡು ಹೊರಟರು. ಹುಡುಗನು ಬಸ್ಸಿನವರೆಗೆ ಬಂದನು.

"ಅಜ್ಜಾರ, ಈ ಗಣಿನೂ ಮುಚ್ಚತದೇನು?"

ಮಕ್ಕಳಿಗೆ ಸುಳ್ಳು ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ. "ಎಂದೋ ಒಂದು ದಿನ ಮುಚ್ಚತದಪಾ. ಅಷ್ಟರೊಳಗ ನೀ ಓದಿ ದೊಡ್ಡವನಾಗಬೇಕು. ನಾವು ಮಾಡೋ ಕೆಲಸಾನೂ ಒಂದಿಷ್ಟು ಅದ" ಎಂದರು.

ಆ ಕೆಲಸವನ್ನು ಅವರು ಊರಿಗೆ ಬಂದ ವಾರದಲ್ಲಿಯೇ ಆರಂಭಿಸಿದರು. ಗಣಿಯ ದ್ರವ್ಯದಲ್ಲಿ ತಬ್ಬಲಿ ಮಕ್ಕಳ ಹೆಸರಿನಲ್ಲಿ ಶಾಶ್ವತವಾದ ದತ್ತಿಯೊಂದು ಇರಬೇಕೆಂದೂ, ಮಗುವನ್ನು ಸಾಕುವ ಬಂಧುಗಳ ಮನೆಗೆ ಅದು ಮೊದಲು ಮುಟ್ಟಬೇಕೆಂದೂ, ಬಂಧುಗಳೇ ಇಲ್ಲದವರಿಗೆ ಗಣಿಯ ಊರಿನಲ್ಲಿಯೇ ಒಂದು ನಿಲಯ ಬೇಕೆಂದೂ ಬಿನ್ನಹವೊಂದನ್ನು ಬರೆದರು. ಸಹಿಗಾಗಿ ಅವರು ಮನೆಮನೆಗೆ ಹೋದರು. ಕೆಲವರು ಕೂಡಲೆ ಸಹಿ ಮಾಡಿದರು. ಕೆಲವರು ಇದರಿಂದ ಏನಾದೀತೆಂದು ನಕ್ಕರು. ಬಿನ್ನಹವು ಯಾವ ಕಛೇರಿಯ ಯಾವ ಕಟ್ಟಿನಲ್ಲಿ ಸೇರುವುದೋ ಹೇಳಲಾಗದು. ಆದರೆ ಬರೆಯದೆ ಬಿಟ್ಟುದರಿಂದ ಹಿಂದೆ ಎರಡು ಸಲ ಏನಾಯಿತೆಂಬುದು ಗೊತ್ತೇ ಇದೆ. ಮಸ್ಕಿಯ ಬಂಡೆ ಸಣ್ಣವರ ಹೆಸರಿನಲ್ಲಿ ಆಡಿದ ಮಾತು ಎರಡು ಸಾವಿರ ವರ್ಷಗಳಿಗೂ ಮೀರಿ ಉಳಿದು ಬಂದಿದೆ. ಅದರ ನೆರೆಯ ಊರಿನ ಹೊನ್ನು ಅಲ್ಲಿಯ ಸಣ್ಣವರಿಗೆ ಒಂದು ತಲೆಮಾರಿನ ಕಾಲವಾದರೂ ಆಸರೆಯಾಗಿ ಉಳಿಯಲಿ ಎಂದು ಬಯಸುವುದು ಅತಿಯಾಸೆಯಾಗಲಾರದು.